ಗಿಟಾರಿನ ಹೊಟ್ಟೆಯೊಳಗಿನ ಓರೆಪಟ್ಟಿಗಳು

ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವನಿಗೆ ಲೋಕದ ಎಲ್ಲ ಕೈಗೆಲಸವೂ ಬರುತ್ತದೆ ಎಂದು ಜನ ಹೇಗೋ ನಂಬಿಬಿಟ್ಟಿರುತ್ತಾರೆ. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ಬಂಟ್ವಾಳದ ಒಂದು ಶಾಲೆಯಲ್ಲಿದ್ದಾಗ ನಾನು ಸೋರುವ ಕೊಡೆ, ನಿಂತ ಗಡಿಯಾರ, ಒಮ್ಮೆ ಹೆಡ್ಮಾಸ್ತರರ ಮಾವನ ಹಲ್ಲಿನ ಸೆಟ್ಟನ್ನು ಕೂಡ ಗಂಭೀರವಾಗಿ ಪರೀಕ್ಷಿಸಿದ್ದೇನೆ. ಯಾವುದನ್ನೂ ರಿಪೇರಿ ಮಾಡಿದವನಲ್ಲ. ಆದರೆ "ನನಗೆ ಗೊತ್ತಿಲ್ಲ" ಎಂಬ ಎರಡು ಪದ ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ಹಾಗಾಗಿ ನಮ್ಮ ಶಾಲೆಯ ಫೆಲಿಕ್ಸ್ ಮಾಸ್ತರರು ತಮ್ಮ ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದಾಗಲೂ ನಾನು ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ.

ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಎಲ್ಲಿಂದಲೋ ತಂದುಕೊಟ್ಟ ಗಿಟಾರದು. ಆ ವರ್ಷದ ಮಳೆಗಾಲದ ಥಂಡಿಗೆ ಅದರ ಮೇಲಿನ ಹಲಗೆ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಉಬ್ಬಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಎನ್ನುತ್ತಿತ್ತು. "ಇನ್ನು ಎರಡು ವಾರದಲ್ಲಿ ಮಗಳ ಮದುವೆ ಉಂಟು ಮಾಷ್ಟ್ರೇ," ಎಂದರು ಫೆಲಿಕ್ಸ್. "ಮದುವೆಯ ಮುಂಚಿನ ದಿನ, ರೋಸಿನಲ್ಲಿ, ಅವಳಿಗೆ ತೆಂಗಿನ ಹಾಲು ಹಚ್ಚುವಾಗ ಅವಳ ಅಮ್ಮ ಹೇಳ್ತಿದ್ದ ಒಂದು ಹಾಡು ನುಡಿಸ್ತೇನೆಂತ ಮಾತು ಕೊಟ್ಟಿದ್ದೇನೆ. ಅಮ್ಮ ಅಂತೂ ಇಲ್ಲ. ಹಾಡಾದರೂ ಇರಲಿ." ಇಷ್ಟು ಕೇಳಿದ ಮೇಲೆ ಗೊತ್ತಿಲ್ಲ ಎನ್ನುವುದು ಹೇಗೆ?

ಮೂಡಬಿದ್ರೆಯಲ್ಲಿ ನನಗೆ ಪರಿಚಯದ ವಾಸು ಆಚಾರಿ ಇದ್ದರು. ಬಾಗಿಲು, ತೊಟ್ಟಿಲು, ಮೃದಂಗದ ಮರದ ಕಳಸಿಗೆ, ಎಲ್ಲ ಮಾಡಿದ ಕೈ. ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವರಲ್ಲಿಗೆ ಹೋದೆ. ಅವರು ಬಿಸಿ ಮಾಡಿದ ತೆಳು ಚೂರಿಯಿಂದ ಅಂಟು ಬಿಡಿಸಿ ಹಿಂಬದಿಯ ಹಲಗೆಯನ್ನು ನಾಜೂಕಾಗಿ ಎಬ್ಬಿಸಿದರು. ಒಳಗೆ ಮೇಲ್ಹಲಗೆಯ ಅಡಿಗೆ ತೆಳ್ಳಗಿನ ಮರದ ಪಟ್ಟಿಗಳನ್ನು ಅಂಟಿಸಿದ್ದರು. ಎರಡು ಉದ್ದದ ಪಟ್ಟಿಗಳು ಕತ್ತರಿಯ ಹಾಗೆ ಒಂದನ್ನೊಂದು ದಾಟಿದ್ದವು, ಅವುಗಳ ಕೆಳಗೆ ಇನ್ನೆರಡು ಓರೆಯಾಗಿ ಒಂದೇ ಬದಿಗೆ ವಾಲಿದ್ದವು. ಅರ್ಧಕ್ಕರ್ಧ ಅಂಟು ಬಿಟ್ಟು ನೇತಾಡುತ್ತಿದ್ದವು. ತಂತಿ ಎಳೆಯುವಾಗ ಹಲಗೆ ಕುಸಿಯಬಾರದು, ಆದರೆ ನಡುಗಲೂ ಬೇಕು, ಅದಕ್ಕೆ ಈ ಏರ್ಪಾಡು ಎಂದು ಆಚಾರಿಗಳು ನೋಡಿದ ಕೂಡಲೇ ಹೇಳಿದರು. "ನಾನಾದರೆ ಏಣಿಯ ಹಾಗೆ ಅಡ್ಡಡ್ಡ ಹೊಡೀತಿದ್ದೆ. ಇದು ಯಾರೋ ತಲೆ ಇದ್ದವ ಮಾಡಿದ್ದು ಮಾರಾಯ್ರೆ. ಈ ಎರಡು ಮಾತ್ರ ಯಾಕೆ ಒಂದೇ ಬದಿಗೆ ಓರೆ?" ನಾನು, "ಅದು ಹಾಗೇ ಇರಬೇಕು," ಎಂದೆ.

"ಹಾಗಾದ್ರೆ ನಾನು ತೆಗೆಯುವ ಮೊದಲು ಯಾವುದು ಎಲ್ಲಿ ಉಂಟೂಂತ ನೀವು ಆ ಮೂಲೆಯಲ್ಲಿ ಕೂತು ಚಿತ್ರ ಬಿಡಿಸಿ," ಎಂದರು ಆಚಾರಿಗಳು. ನನ್ನ ವಿದ್ಯೆಗೆ ಕೊನೆಗೂ ಮರ್ಯಾದೆ ಸಿಕ್ಕಿತೆಂದು ಬಿಡಿಸಿದೆ. ಬಿಡಿಸಿ ನೋಡಿದಾಗ ಒಂದು ಯೋಚನೆ ಬಂತು: ಇದು ಹಿಂದಿನಿಂದ ಕಂಡ ಚಿತ್ರ, ಗಿಟಾರನ್ನು ಜನ ನೋಡುವುದು ಮುಂದಿನಿಂದ. ಆದ್ದರಿಂದ ಎಡವನ್ನು ಬಲ ಮಾಡಿ ಬೇರೆ ಕಾಗದದಲ್ಲಿ ಬರೆದೆ. ಅಷ್ಟರಲ್ಲಿ, ಆಚಾರಿಗಳು ಕೆಲಸ ಮಾಡುವುದು ಹಿಂದಿನಿಂದಲೇ ಅಲ್ಲವೇ ಎನಿಸಿ ಪುನಃ ತಿರುಗಿಸಿದೆ. ಹಳೆಯ ಕಾಗದಗಳನ್ನು ಅಂಟು ಕಾಯುತ್ತಿದ್ದ ಒಲೆಗೆ ಹಾಕಿ ಕೊನೆಯದನ್ನು ಕೊಟ್ಟು ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಸಂಶಯ ಹೊಕ್ಕಿತು. ನಾನು ತಿರುಗಿಸಿದ್ದು ಎರಡು ಸಲವೋ, ಮೂರು ಸಲವೋ? ಮೂರಾಗಿದ್ದರೆ ಓರೆಪಟ್ಟಿಗಳು ಇನ್ನೊಂದು ಬದಿಗೆ ವಾಲಿಬಿಡುತ್ತವೆ.

ಮನೆಯಲ್ಲಿ ರಟ್ಟನ್ನು ಗಿಟಾರಿನ ಆಕಾರಕ್ಕೆ ಕತ್ತರಿಸಿ, ಹಿಂದೆ ಮುಂದೆ ಗೆರೆ ಎಳೆದು ತಿರುಗಿಸುತ್ತ ಕುಳಿತೆ. ಹೆಂಡತಿ ಸ್ವಲ್ಪ ಹೊತ್ತು ನೋಡಿ, "ತಿರುಗಿಸಿದ್ರೆ ಎಡದ್ದು ಬಲಕ್ಕೆ ಬರ್ತದೆ, ಅಷ್ಟೇ ಅಲ್ವಾ?" ಎಂದಳು. ಅಷ್ಟು ನನಗೂ ಗೊತ್ತಿತ್ತು. ಎಷ್ಟು ಸಲ ಎಂಬುದು ರಟ್ಟಿಗೆ ಗೊತ್ತಿರಲಿಲ್ಲ. ಭಾನುವಾರ ಪುನಃ ಮೂಡಬಿದ್ರೆಗೆ ಓಡಿದರೆ ಆಚಾರಿಗಳು ಹಿಂಬದಿಯ ಹಲಗೆ ಅಂಟಿಸಿ, ಹಗ್ಗ ಬಿಗಿದು ಒಣಗಲು ಇಟ್ಟಾಗಿತ್ತು. ಅವರ ಮುಖದಲ್ಲಿದ್ದ ಸಂತೋಷ ನೋಡಿ, ಚಿತ್ರದ ಸಂಗತಿ ಎತ್ತದೆ ಕೆಲಸವನ್ನು ಹೊಗಳಿ ಬಂದೆ.

ರೋಸಿನ ದಿನ ಫೆಲಿಕ್ಸ್ ಮಾಸ್ತರರು ಆ ಹಾಡು ನುಡಿಸಿದರು. ತಲೆಯಿಂದ ತೆಂಗಿನ ಹಾಲು ಇಳಿಯುತ್ತಿದ್ದ ಮದುಮಗಳು ಅತ್ತಳು, ಚಪ್ಪರದಲ್ಲಿದ್ದ ಹೆಂಗಸರೂ ಅತ್ತರು. ನಾನೊಬ್ಬ ಮಾತ್ರ, ಈಗ ಮುರಿಯುತ್ತದೆ, ಈಗ ಸಿಡಿಯುತ್ತದೆ ಎಂದು ಕಂಬ ಹಿಡಿದುಕೊಂಡು ಬೆವರಿದೆ. ಏನೂ ಆಗಲಿಲ್ಲ. ಆದರೂ ಮನಸ್ಸು ತಡೆಯದೆ ಒಂದು ವಾರ ಬಿಟ್ಟು ಫೆಲಿಕ್ಸ್ ಮಾಸ್ತರರಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕಣ್ಣು ಮುಚ್ಚಿ ತಲೆದೂಗಿದರು. "ನನಗೆ ಆವತ್ತೇ ಗೊತ್ತಾಗಿತ್ತು ಮಾಷ್ಟ್ರೇ. ದಪ್ಪ ತಂತಿಯ ಸ್ವರ ಸ್ವಲ್ಪ ವಾಲಿದ ಹಾಗೆ ಇತ್ತು. ನಿಮಗೆ ಬೇಜಾರಾಗ್ತದೇಂತ ಹೇಳ್ಲಿಲ್ಲ," ಎಂದರು. ಅವರ ಕಿವಿಯ ಸೂಕ್ಷ್ಮಕ್ಕೂ ದೊಡ್ಡತನಕ್ಕೂ ನಾನು ಕರಗಿಹೋದೆ.

ಪುನಃ ಬಿಚ್ಚಿಸಿ ಸರಿ ಮಾಡಿಸಲೇಬೇಕೆಂದು ಆಚಾರಿಗಳಲ್ಲಿಗೆ ಹೋದೆ. ನನ್ನ ಕಥೆಯನ್ನು ಅವರು ಉಳಿಗೆ ಸಾಣೆ ಹಿಡಿಯುತ್ತಲೇ ಕೇಳಿದರು. "ನಾನು ನಿಮ್ಮ ಚಿತ್ರ ನೋಡ್ಲೇ ಇಲ್ಲ ಮಾಷ್ಟ್ರೇ. ಪಟ್ಟಿ ಎದ್ದ ಜಾಗದಲ್ಲಿ ಹಳೇ ಅಂಟಿನ ಗುರುತು ಸರಿಯಾಗಿ ಇತ್ತು. ಅದರ ಮೇಲೆಯೇ ಕೂರಿಸಿದ್ದು."

"ಮತ್ತೆ ನನ್ನಲ್ಲಿ ಚಿತ್ರ ಬಿಡಿಸಲಿಕ್ಕೆ ಹೇಳಿದ್ದು ಯಾಕೆ?"

"ನೀವು ಮತ್ತೆ ಮತ್ತೆ ಬಿಸಿ ಅಂಟಿನ ಪಾತ್ರೆಗೆ ಬೆರಳು ಹಾಕ್ತಿದ್ರಿ," ಎಂದರು ಆಚಾರಿಗಳು ಸಂಕೋಚದಿಂದ. "ಒಂದು ಕಡೆ ಕೂತ್ಕೊಳ್ಳಲಿ ಅಂತ."

ಬಂಟ್ವಾಳಕ್ಕೆ ಬಂದವನು ಇದನ್ನು ಫೆಲಿಕ್ಸ್ ಮಾಸ್ತರರಿಗೆ ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸಿನಿಂದ ಕ್ಷಮಿಸಿದವರ ಕಿವಿಯನ್ನು ಸುಳ್ಳು ಮಾಡುವುದು ಹೇಗೆ? ಆಮೇಲೆ ಅವರು ನುಡಿಸಿದಾಗಲೆಲ್ಲ ನಾನು ಹತ್ತಿರ ಕುಳಿತು ಕೇಳಿದ್ದೇನೆ. ಎಲ್ಲ ಗೊತ್ತಿದ್ದೂ, ನಿಜ ಹೇಳಬೇಕೆಂದರೆ, ಆ ದಪ್ಪ ತಂತಿಯ ಸ್ವರ ನನಗೂ ಸ್ವಲ್ಪ ವಾಲಿದ ಹಾಗೆಯೇ ಕೇಳಿಸುತ್ತಿತ್ತು.