ಅಂಡರ್‌ಪಾಸಿನಲ್ಲಿ ಎದುರುಬದುರು

ಕಾರು ಓಡಿಸುವುದೆಂದರೆ ಮುಂದಕ್ಕೆ ಹೋಗುವುದು ಎಂದು ನಂಬಿದವರಲ್ಲಿ ನಾನೂ ಒಬ್ಬ. ಐವತ್ತು ದಾಟಿದ ಮೇಲೆ ಕಲಿತವನು. ಕಲಿಸಿದವನಿಗೆ ಅವಸರವಿತ್ತೋ ನನಗಿತ್ತೋ, ರಿವರ್ಸ್ ಮಾತ್ರ ಅರ್ಧಕ್ಕೇ ಉಳಿಯಿತು. ಹಾಗಾಗಿ ಮುಂದಕ್ಕೇ ಹೊರಡಲು ಬರುವಂಥ ಜಾಗ ಸಿಕ್ಕರಷ್ಟೇ ಕಾರು ನಿಲ್ಲಿಸುತ್ತೇನೆ. ದುರ್ಗದಬೈಲಿನ ಪೇಟೆಗೆ ಆಟೋದಲ್ಲಿ ಹೋಗುತ್ತೇನೆ. ಮನೆಯಲ್ಲಿ ಅದಕ್ಕೆ ಪಾರ್ಕಿಂಗ್ ಸಮಸ್ಯೆ ಎಂದು ಹೆಸರಿಟ್ಟಿದ್ದೇನೆ.

ಇಂಥವನಿಗೆ ಗಂಟುಬಿದ್ದದ್ದು ನಮ್ಮ ಬಡಾವಣೆಯ ಬಳಿ ರೈಲು ಹಳಿಯ ಕೆಳಗಿರುವ ಅಂಡರ್‌ಪಾಸ್. ಮೊದಲು ಅಲ್ಲಿ ಗೇಟ್ ಇತ್ತು. ಗೂಡ್ಸ್ ಗಾಡಿ ಬಂದರೆ ಇಡೀ ಬಡಾವಣೆ ನಿಂತು ಡಬ್ಬಿ ಎಣಿಸುತ್ತಿತ್ತು. ಈಗ ಕಾಯುವುದು ತಪ್ಪಿದೆ, ಈ ಭಾಗದ ಸಂಚಾರವೆಲ್ಲ ಅದರೊಳಗೇ ನುಗ್ಗುತ್ತದೆ. ಆದರೆ ಅದರ ಅಗಲ ಒಂದು ಕಾರು, ಪಕ್ಕದಲ್ಲೊಂದು ಸ್ಕೂಟರ್ ಹಿಡಿಸುವಷ್ಟೇ. ನಡುವೆ ತಿರುವು ಬೇರೆ. ಎದುರಿನವರು ಮೂಗಿನ ತುದಿಗೆ ಬಂದ ಮೇಲೇ ಕಾಣುತ್ತಾರೆ.

ನನ್ನ ಹೆಂಡತಿ ಸುಧಾ ಸಂಗೀತ ಕಲಿಸುತ್ತಾಳೆ. ಕಳೆದ ತಿಂಗಳು ಧಾರವಾಡದಲ್ಲಿ ಅವಳ ಗುರುಗಳ ಸನ್ಮಾನ. ಬಹಳ ವರ್ಷಗಳ ಮೇಲೆ ಅವರೆದುರು ಹಾಡುವವಳಿದ್ದಳು. ಹಿಂದಿನ ಸೀಟಿನಲ್ಲಿ ತಂಬೂರಿ ಮಲಗಿಸಿ ಹೊರಟೆವು. ಅಂಡರ್‌ಪಾಸಿನ ತಿರುವಿನಲ್ಲಿ ಎದುರಿಗೊಂದು ಬಿಳಿ ಕಾರು. ಓಡಿಸುತ್ತಿದ್ದವರು ನನ್ನ ವಯಸ್ಸಿನವರೇ.

“ಸ್ವಲ್ಪ ಹಿಂದ ತಗೋರಿ,” ಎಂದರು.

“ಮೊದಲ ಒಳಗ ಬಂದಾಂವ ನಾನರಿ. ನೀವ ತಗೋರಿ.”

ಅವರು ನಿಯಮ ಹೇಳಿದರು, ನಾನು ನ್ಯಾಯ ಹೇಳಿದೆ. ಹಿಂದೆ ಬೈಕಿನವರ ಹಾರ್ನ್ ಗೋಡೆಗೆ ಬಡಿದು ಎರಡರಷ್ಟಾಗುತ್ತಿತ್ತು. ಸುಧಾ ಕೆಳಗಿಳಿದು ತಂಬೂರಿ ಎತ್ತಿಕೊಂಡಳು.

“ನಿಮ್ಮ ವಾದಾ ಮುಗಿಸಿ ಸಾವಕಾಶ ಬರ್ರಿ. ನನಗ ಹೊತ್ತಾತು,” ಎಂದು ಕಾರುಗಳ ಪಕ್ಕದಲ್ಲಿ ನುಸುಳಿ, ಆಚೆ ತುದಿಯಲ್ಲಿ ಆಟೋ ಹತ್ತಿ ಹೋದಳು.

ಅವಳು ಹೋದ ಮೇಲೆ ವಾದಕ್ಕೆ ಕಳೆಯೇ ಇರಲಿಲ್ಲ. ಇಳಿದು ಅವರ ಬಳಿ ಹೋದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: “ಖರೇ ಹೇಳ್ಲೇನ್ರಿ? ನನಗ ರಿವರ್ಸ್ ಬರೂದಿಲ್ಲ.”

ಅಪರಿಚಿತರ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. “ನನಗೂ ಬರೂದಿಲ್ರಿ,” ಎಂದೆ.

ಕೊನೆಗೆ ಬೈಕಿನವರೇ ಸೇರಿ ನನ್ನ ಕಾರನ್ನು ಏರಿಗೆ ಹಿಂದಕ್ಕೆ ತಳ್ಳಿದರು. ನಾನು ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕುಳಿತಿದ್ದೆ. ಧಾರವಾಡ ಮುಟ್ಟಿದಾಗ ಸುಧಾಳ ಹಾಡು ಮುಗಿಯುತ್ತ ಬಂದಿತ್ತು. ಗುರುಗಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಬಾಗಿಲ ಬಳಿ ನಿಂತೇ ಅಷ್ಟಿಷ್ಟು ಕೇಳಿದೆ. ಮೊದಲಿನಿಂದ ಕೇಳಲಿಲ್ಲವಲ್ಲ ಎಂದು ನಿಜಕ್ಕೂ ಬೇಸರವಾಯಿತು.

ಮರಳುವಾಗ ಅವಳು ಕೇಳಿದಳು: “ಕಡೀಕ ಯಾರು ಹಿಂದ ಸರದ್ರು?”

“ನಾನ. ಹೋಗ್ಲಿ ಅಂತ ದೊಡ್ಡ ಮನಸ್ಸು ಮಾಡಿದೆ.”

“ಛಲೋ ಮಾಡಿದ್ರಿ,” ಎಂದು ಅವಳು ಕಿಟಕಿಯಾಚೆ ನೋಡಿದಳು.

ಬಿಳಿ ಕಾರಿನ ಪಾಟೀಲರು ಈಗ ನನ್ನ ಸ್ನೇಹಿತರು. ಮನೆ ಬಿಡುವ ಮೊದಲು ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತೇವೆ. ಅವರು ಹೊರಟಿದ್ದರೆ ನಾನು ಇನ್ನೊಂದು ಕಪ್ ಚಹಾ ಕುಡಿಯುತ್ತೇನೆ. ಇಬ್ಬರೂ ರಿವರ್ಸ್ ಕಲಿಯಬೇಕೆಂದು ನಿರ್ಧರಿಸಿದ್ದೂ ಆಗಿದೆ. ಒಬ್ಬರು ಕಲಿತರೆ ಇಬ್ಬರಿಗೂ ಸಾಕಲ್ಲ ಎಂದು ಅವರು ಕಲಿಯುವುದನ್ನೇ ನಾನು ಕಾಯುತ್ತಿದ್ದೇನೆ. ಮೊನ್ನೆ ಪಾಟೀಲರು ಫೋನಿನಲ್ಲಿ ಬಹಳ ಆಸ್ಥೆಯಿಂದ ವಿಚಾರಿಸಿದರು: “ನಿಮ್ಮ ಕ್ಲಾಸ್ ಶುರು ಆತೇನ್ರಿ?”