ಎಲ್ಲರ ತಲೆಗೂ ಒಂದೇ ಕೊಕ್ಕು

ನಮ್ಮ ಕ್ಷೌರದಂಗಡಿಯ ಎದುರಿನ ಮರದಲ್ಲಿ ಮೊನ್ನೆಯವರೆಗೂ ಬಿಡಾರ ಹೂಡಿದ್ದ ಶ್ರೀಮತಿ ಕಾಗಕ್ಕನವರ ಸನ್ನಿಧಿಗೆ,

ಮಾನ್ಯರೇ,

ಕತ್ತರಿ ಕೆಳಗಿಟ್ಟು, ಕೈ ತೊಳೆದು, ತಮ್ಮ ಕೊಕ್ಕಿಗೂ ರೆಕ್ಕೆಗೂ ಬೇರೆ ಬೇರೆಯಾಗಿ ನಮಸ್ಕರಿಸಿ ನಾನು ಸಲ್ಲಿಸುವ ದೂರೇನೆಂದರೆ, ಮರಿಗಳು ಬಲಿತವೆಂಬ ಕ್ಷುಲ್ಲಕ ಕಾರಣಕ್ಕೆ ತಾವು ಬಿಡಾರ ಎತ್ತಿದ್ದು ಈ ದೇಶದ ಐಕ್ಯಕ್ಕೆ ಬಗೆದ ದ್ರೋಹ.

ತಮಗೆ ಗೊತ್ತಿರುವಂತೆ ಅಂಗಡಿಯಲ್ಲಿ ಬಾಗಿಲ ಕಡೆಯ ಕುರ್ಚಿ ನನ್ನದು, ಒಳಗಿನ ಕುರ್ಚಿ ನನ್ನ ಅಣ್ಣನದು. ಕಳೆದ ಚುನಾವಣೆಯಲ್ಲಿ ಅವನೊಂದು ಪಕ್ಷಕ್ಕೆ, ನಾನೊಂದು ಪಕ್ಷಕ್ಕೆ ಮತ ಹಾಕಿದಂದಿನಿಂದ ನಮ್ಮ ನಡುವೆ ಮಾತಿಲ್ಲ, ಪರದೆಯಿದೆ. ಸಾಣೆಕಲ್ಲು ಮಾತ್ರ ಒಂದೇ ಇರುವುದರಿಂದ ಅದನ್ನು ಪರದೆಯಡಿಯಲ್ಲಿ ಕಾಲಿನಿಂದ ತಳ್ಳಿಕೊಳ್ಳುತ್ತೇವೆ. ಗಿರಾಕಿಗಳೂ ಹಂಚಿಹೋಗಿದ್ದಾರೆ. ನನ್ನ ಕುರ್ಚಿ ಖಾಲಿ ಹೊಡೆಯುತ್ತಿದ್ದರೂ ಆ ಪಕ್ಷದವರು ಅಣ್ಣನಿಗಾಗಿ ಅರ್ಧ ದಿನ ಕಾಯುತ್ತಾರೆ.

ಅಂಥ ಹೊತ್ತಿನಲ್ಲಿ ತಾವು ಬಂದು, ಮೊಟ್ಟೆಯಿಟ್ಟು, ಮರದಡಿ ಹಾಯ್ದ ಪ್ರತಿ ತಲೆಯನ್ನೂ ಕುಕ್ಕತೊಡಗಿದಿರಿ. ಆಹಾ, ಎಂಥ ಸಮದೃಷ್ಟಿ! ಬಾವುಟದ ಬಣ್ಣ ಕೇಳಲಿಲ್ಲ, ಯಾರ ಶಿಫಾರಸಿಗೂ ಮಣಿಯಲಿಲ್ಲ. ಬೋಳುತಲೆಯ ಮೇಷ್ಟರಿಗೂ ಗುಂಗುರುಗೂದಲಿನ ವಕೀಲರಿಗೂ ತಲೆಗೊಂದರಂತೆ ಬಡಿಸಿದಿರಿ. ಪರಸ್ಪರ ಮುಖ ನೋಡದ ಆ ಇಬ್ಬರೂ ಮೂರನೇ ದಿನಕ್ಕೆ ಒಂದೇ ಕೊಡೆಯಡಿ ತಬ್ಬಿಕೊಂಡು ಬೀದಿ ದಾಟಿದರು. ಮುಖಂಡರು ವೇದಿಕೆ ಹತ್ತಿ ಕಾಗೆ ಹಾರಿಸಿ ಒಡೆದ ಬೀದಿಯನ್ನು ಅಸಲಿ ಕಾಗೆ ಹಾರಿ ಬಂದು ಒಂದು ಮಾಡಿತು.

ಅಷ್ಟೇಕೆ, ನಾನು ಬಾಗಿಲಿಗೆ ನೀರು ಚಿಮುಕಿಸುತ್ತಿದ್ದಾಗ ತಾವು ಎರಗಿದಿರಲ್ಲ, ಅಣ್ಣ ಪರದೆಯನ್ನೇ ಕಿತ್ತುಕೊಂಡು ಓಡಿಬಂದು, "ತಲೆ ತಗ್ಗಿಸೋ, ಪೆದ್ದ!" ಎಂದು ಇಬ್ಬರ ಮೇಲೂ ಹೊದಿಸಿದ. ಎರಡು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು ಅದು. ಬೈಗುಳವಾದರೂ ನನ್ನ ಕಿವಿ ತಂಪಾಯಿತು, ಕಣ್ಣು ತುಂಬಿತು. ಮುಂದೆ ಹದಿನೆಂಟು ದಿನ ಪರದೆ ಗಿರಾಕಿಗಳ ನೆತ್ತಿ ಕಾಯುತ್ತಿತ್ತು, ನಾವಿಬ್ಬರೂ ಒಟ್ಟಿಗೆ ಕೂತು ತಮ್ಮನ್ನು ಬಾಯ್ತುಂಬ ಬೈಯುತ್ತಿದ್ದೆವು.

ತಾವು ಹೋದ ಮರುದಿನವೇ ಪರದೆ ಮತ್ತೆ ಇಳಿಯಿತು. ತಮ್ಮ ಗೂಡು ಗಾಳಿಗೆ ಬಿದ್ದಾಗ ನೋಡಿದೆ, ಒಳಗೆಲ್ಲ ನಮ್ಮ ಅಂಗಡಿಯ ಕೂದಲು. ಯಾವುದು ಯಾವ ಪಕ್ಷದ್ದೆಂದು ಮೂವತ್ತು ವರ್ಷ ಕತ್ತರಿ ಹಿಡಿದ ನನಗೂ ತಿಳಿಯಲಿಲ್ಲ.

ಆದ್ದರಿಂದ ತಾವು ದಯಮಾಡಿ ವರ್ಷವಿಡೀ ಮೊಟ್ಟೆಯಿಡಬೇಕು. ಬೀದಿಗೊಬ್ಬರಂತೆ ತಮ್ಮ ಅಕ್ಕತಂಗಿಯರನ್ನು ನೇಮಿಸಿ, ಸಂಸತ್ತಿನ ಬಾಗಿಲಿಗೆ ಮಾತ್ರ ಕೊಕ್ಕು ಚೂಪಾದ ಹಿರಿಯರನ್ನು ಕಳಿಸಬೇಕು. ಸದಸ್ಯರೆಲ್ಲ ಒಂದೇ ಜಮಖಾನದಡಿ ನುಸುಳಿ ಸಭೆಗೆ ಹೋಗುವ ಚೆಂದವನ್ನು ನಾನು ಕಣ್ತುಂಬ ನೋಡಬೇಕು. ಮೊದಲ ಗೂಡು ನಮ್ಮ ಮರದಲ್ಲೇ ಆಗಲಿ, ನನಗೆ ನನ್ನ ಅಣ್ಣ ಬೇಕು.

ತಮ್ಮ ವಿಶ್ವಾಸಿ, ನೆತ್ತಿಯ ಗಾಯ ಮಾಯ್ದದ್ದಕ್ಕೆ ಮರುಗುವ,
ಬಾಗಿಲ ಕಡೆಯ ಕುರ್ಚಿಯವನು

ಮರೆತ ಮಾತು: ತಮ್ಮ ಮುಂದಿನ ಗೂಡಿಗೆಂದು ಒಂದು ಹಿಡಿ ಕೂದಲನ್ನು ಇಂದು ಬೆಳಿಗ್ಗೆ ಕದ್ದುಮುಚ್ಚಿ ಮರದ ಬುಡದಲ್ಲಿ ಇಡಹೋದೆ. ಅಲ್ಲಿ ಆಗಲೇ ಒಂದು ಹಿಡಿ ಇತ್ತು, ಅಣ್ಣ ಬಳಸುವ ಪೌಡರಿನ ವಾಸನೆಯದು. ಬೇಗ ಬನ್ನಿ. ತಡಮಾಡಿದರೆ ತಮ್ಮ ನೆರವಿಲ್ಲದೆಯೇ ನಾವು ಮಾತಾಡಿಬಿಟ್ಟೇವು. ಆಮೇಲೆ ಎರಡೂ ಪಕ್ಷದ ಮುಖಂಡರು ಹೊಟ್ಟೆಪಾಡಿಗೆ ಏನು ಮಾಡಬೇಕು?