ಬಟ್ಟೆ ಒಣಹಾಕುವ ಹಗ್ಗ

ಕೊಟ್ಟಿಗೆಯನ್ನು ಪಟ್ಟಣದವರಿಗೆ ಬಾಡಿಗೆಗೆ ಕೊಡುವ ರಜೆಮನೆ ಮಾಡುವಾಗ ಪ್ರೊಸ್ಪೇರ್ ಲಕಾಜ್ ಏನನ್ನೂ ಮರೆತಿರಲಿಲ್ಲ. ದನ ಕಟ್ಟುವ ಗೂಟ ಕಿತ್ತು ಮಂಚ ಹಾಕಿಸಿದ್ದ. ಗೋದಲಿ ಇದ್ದ ಕಡೆ ಪುಸ್ತಕದ ಕಪಾಟು ಬಂದಿತ್ತು. ಕಿಟಕಿಗೆ ನೀಲಿ ಬಣ್ಣ, ಮೇಜಿನ ಮೇಲೆ ಲ್ಯಾವೆಂಡರ್ ಹೂ, ಬಚ್ಚಲಲ್ಲಿ ಸುವಾಸನೆಯ ಸೋಪು. ಮರೆತದ್ದು ಒಂದೇ, ಬಟ್ಟೆ ಒಣಹಾಕುವ ಹಗ್ಗ. ಆ ಒಂದು ಹಗ್ಗ ಇಲ್ಲದೆ ನಮ್ಮ ಕೊಂಬರೋಲು ಹಳ್ಳಿಯಲ್ಲಿ ಆ ಶನಿವಾರ ಏನೇನಾಯಿತು ಎಂದು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ನಕ್ಕ ಮೇಲೆ ಯಾಕಾದರೂ ನಕ್ಕೆನೋ ಎಂದು ಸಂಕಟವೂ ಆಗುತ್ತದೆ.

ಪ್ರೊಸ್ಪೇರ್ ಒಂಟಿ ಮನುಷ್ಯ. ಅರವತ್ತು ಹತ್ತಿರವಾಗಿತ್ತು. ಲಕಾಜ್ ಮನೆತನದ ಗಂಡಸರು ಅರವತ್ತು ದಾಟಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ದ್ರಾಕ್ಷಿ ಕೊಯ್ಯುತ್ತಲೇ ಹೋದ, ಅಜ್ಜ ಸೂಪಿನ ಬಟ್ಟಲ ಮುಂದೆ ಕೂತಲ್ಲೇ ಹೋದ, ಇಬ್ಬರಿಗೂ ಎದೆಯೇ. ಹಾಗಾಗಿ ಪ್ರೊಸ್ಪೇರ್ ಒಂದು ಸಲ ಕೆಮ್ಮಿದರೂ ಊರಿನವರು ಅವನ ಮುಖ ನೋಡುತ್ತಿದ್ದರು. ಅವನು ಮಾತ್ರ ಹಸುಗಳನ್ನೂ ಹೊಳೆಯಂಚಿನ ಹೊಲವನ್ನೂ ಮಾರಿ ಇದ್ದದ್ದನ್ನೆಲ್ಲ ಕೊಟ್ಟಿಗೆಗೆ ಸುರಿದಿದ್ದ. ಅದು ನಡೆದರೆ ಸಾಯುವ ತನಕ ಸ್ವಂತ ಮನೆಯಲ್ಲಿ ಊಟ. ನಡೆಯದಿದ್ದರೆ ಮನೆಗೆ ಬೀಗ ಹಾಕಿ ಪಟ್ಟಣದ ವೃದ್ಧಾಶ್ರಮ.

"ದನ ಸಗಣಿ ಹಾಕಿದ ಜಾಗಕ್ಕೆ ಪ್ಯಾರಿಸ್‌ನೋರು ಬಂದು ಮಲಗ್ತಾರೇನೋ? ನಿಂಗೆ ತಲೆ ಕೆಟ್ಟಿದೆ ಕಣೋ" ಎಂದು ಇಗರ್ಜಿಯ ಗಂಟೆ ಬಡಿಯುವ ಬಜೀಲ್ ಎಲ್ಲರೆದುರು ಆಡಿಕೊಂಡಿದ್ದ.

ಅದಕ್ಕೇ, ಮೊದಲ ಅತಿಥಿಗಳು ಬರುವುದು ಗೊತ್ತಾದಾಗ ಪ್ರೊಸ್ಪೇರ್ ಯಾರಿಗೂ ಬಾಯಿ ಬಿಡಲಿಲ್ಲ. ಅವರು ಬರಲಿ, ಒಂದು ವಾರ ಸುಖವಾಗಿ ಇರಲಿ, ಹೋಗುವಾಗ ಹೊಗಳಲಿ. ಆಮೇಲೆ ಬಜೀಲನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುತ್ತೇನೆ ಎಂದುಕೊಂಡ.

ಅತಿಥಿಗಳು ಬಂದದ್ದು ಶುಕ್ರವಾರ ಕತ್ತಲಾದ ಮೇಲೆ. ಗಂಡ ಬರ್ನಬೇ ದೊಡ್ಡ ಹೋಟೆಲಿನ ವೇಟರು, ಆನೆಯಂಥ ಆಳು. ಕೆಲಸ ಮುಗಿಸಿ ಕರಿ ಪ್ಯಾಂಟು, ಕರಿ ಕೋಟಿನಲ್ಲೇ ಕಾರು ಹತ್ತಿದ್ದ. ಇಳಿದವನು ನೆಟ್ಟಗೆ ಬಾತುಕೋಳಿ ಹೊಂಡಕ್ಕೆ ಬಿದ್ದ. ಹೆಂಡತಿ ಅರ್ಮೆಲ್ ಅವನನ್ನು ಎಳೆದು ನಿಲ್ಲಿಸಿ, ತೊಟ್ಟಿಕ್ಕುವ ಬಟ್ಟೆ ಹಿಡಿದುಕೊಂಡು, "ಇದನ್ನೆಲ್ಲಿ ಒಣಹಾಕ್ಲಿ ಸಾರ್?" ಎಂದು ಕೇಳಿದಳು.

ಪ್ರೊಸ್ಪೇರ್ ಹಣೆ ಚಚ್ಚಿಕೊಂಡ. "ಹಗ್ಗ ನಾಳೆ ಬೆಳಿಗ್ಗೇನೇ ತಂದ್ಬಿಡ್ತೀನಮ್ಮಾ" ಎಂದ.

ಆ ರಾತ್ರಿ ಅವನ ದವಡೆ ಹಲ್ಲು ಬೇರೆ ಕೈ ಕೊಟ್ಟಿತು. ಬೆಳಗಾಗುವ ಮೊದಲೇ ಅತಿಥಿಗಳಿಗೂ ಹೇಳದೆ, ತನ್ನ ಮನೆಯ ಕಿಟಕಿಗಳನ್ನೂ ತೆರೆಯದೆ, ಪಟ್ಟಣದ ಬಸ್ಸು ಹಿಡಿದ. ಹಲ್ಲೂ ಹೋಗಲಿ, ಹಗ್ಗವೂ ಬರಲಿ ಎಂದು.

ಅರ್ಮೆಲ್ ಎದ್ದು ಬಟ್ಟೆ ಒಗೆದಳು. ಹಗ್ಗವಿರಲಿಲ್ಲ. ಅಂಗಳದ ಬಿಸಿಲಲ್ಲಿ ಪ್ರೊಸ್ಪೇರನ ಜೇನುಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು, ಮೇಲ್ಭಾಗ ಮಟ್ಟಸ. ಜೇನುಗಳು ಮುಂದಿನಿಂದ ಓಡಾಡುತ್ತಿದ್ದವು. ಅವಳು ಹಿಂದಿನಿಂದ ಮೆಲ್ಲಗೆ ಹೋಗಿ ಒಂದರ ಮೇಲೆ ಪ್ಯಾಂಟು, ಒಂದರ ಮೇಲೆ ಕೋಟು, ಇನ್ನೊಂದರ ಮೇಲೆ ಒಳಕೋಟು ಹರಡಿದಳು.

ನಮ್ಮ ಕಡೆ ಯಜಮಾನ ಸತ್ತರೆ ಮೊದಲು ಜೇನಿಗೆ ಹೇಳಿ, ಗೂಡಿಗೆ ಕರಿ ಬಟ್ಟೆ ಹೊದಿಸಬೇಕು. ಇಲ್ಲದಿದ್ದರೆ ಜೇನು ಮುನಿಸಿಕೊಂಡು ಊರು ಬಿಡುತ್ತದೆ. ಇದು ಕೊಂಬರೋಲಿನ ಮಕ್ಕಳಿಗೂ ಗೊತ್ತು. ಪಟ್ಟಣದ ಅರ್ಮೆಲ್‌ಗೆ ಹೇಗೆ ಗೊತ್ತಿರಬೇಕು?

ಪಕ್ಕದ ಮನೆಯ ಓನೊರೀನ್ ಕೋಳಿಗೆ ಕಾಳು ಹಾಕಲು ಬಂದವಳು ಗೋಡೆಯಾಚೆ ನೋಡಿದಳು. ಜೇನುಪೆಟ್ಟಿಗೆಗಳ ಮೇಲೆ ಕರಿ ಬಟ್ಟೆ. ಪ್ರೊಸ್ಪೇರನ ಕಿಟಕಿಗಳು ಹೊತ್ತೇರಿದರೂ ಮುಚ್ಚಿಯೇ ಇವೆ. ಅಂಗಳದಲ್ಲಿ ಪಟ್ಟಣದ ಕಾರು, ಗುರುತಿಲ್ಲದ ಹೆಂಗಸು. ದೂರದ ನೆಂಟರಿರಬೇಕು. ಓನೊರೀನಳ ಕೈಯ ಕಾಳೆಲ್ಲ ಒಂದೇ ಕಡೆ ಬಿತ್ತು.

"ಒಳಗಿದ್ದಾರೇನಮ್ಮಾ?" ಎಂದು ಪಿಸುಗುಟ್ಟಿದಳು.

"ಹೂಂ, ಈ ಕಡೆ, ಕೊಟ್ಟಿಗೇಲಿ ಮಲಗಿದ್ದಾರೆ" ಎಂದಳು ಅರ್ಮೆಲ್. ಅವಳಿಗೆ ಗಂಡನ ನಿದ್ದೆಯದೇ ಚಿಂತೆ. "ಕಿಟಕಿ ಎಲ್ಲಾ ಮುಚ್ಚಿದೀನಿ. ಸದ್ದು ಮಾಡ್ಬೇಡಿ, ದಯವಿಟ್ಟು."

"ಅಯ್ಯೋ ದೇವ್ರೇ! ಹೇಗಾಯ್ತು?"

"ರಾತ್ರಿ ಕತ್ತಲಲ್ಲಿ ಬಾತುಕೋಳಿ ಹೊಂಡಕ್ಕೆ ಬಿದ್ರು ನೋಡಿ..."

ಮುಂದಿನದನ್ನು ಓನೊರೀನ್ ಕೇಳಲಿಲ್ಲ. ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಕಣ್ಣಿಗೆ ಮುಂಗೈ ಒತ್ತಿಕೊಂಡು ಬಜೀಲನ ಮನೆಗೆ ಓಡಿದಳು. ಹೊಂಡಕ್ಕೆ ಬಿದ್ದಿದ್ದಕ್ಕೆ ಇಷ್ಟೊಂದು ಮರುಗುತ್ತಾರಲ್ಲ, ಹಳ್ಳಿಯವರು ಎಷ್ಟು ಒಳ್ಳೆಯವರು ಎಂದುಕೊಂಡಳು ಅರ್ಮೆಲ್.

ಅತ್ತ ಪಟ್ಟಣದಲ್ಲಿ ಹಲ್ಲಿನ ಡಾಕ್ಟರು ಪ್ರೊಸ್ಪೇರನ ಹಲ್ಲಿನ ಜೊತೆ ಅವನ ಅರ್ಧ ಜೀವವನ್ನೂ ಕಿತ್ತಿದ್ದರು. ನಾಡಿ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು. "ನಿಮ್ಮ ಎದೆ ಯಾಕೋ ಸರಿ ಇಲ್ಲಾ ರೀ. ಸ್ವಲ್ಪ ದಿನ ಭಾರ ಗೀರ ಎತ್ತೋಕೆ ಹೋಗ್ಬೇಡಿ" ಎಂದರು. ರಕ್ತ ನಿಲ್ಲಲೆಂದು ಗಲ್ಲದ ಕೆಳಗಿಂದ ನೆತ್ತಿಯವರೆಗೆ ಬಿಳಿ ಬಟ್ಟೆ ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ಪ್ರೊಸ್ಪೇರ್ ಅದರ ಮೇಲೆ ಟೋಪಿ ಒತ್ತಿಕೊಂಡು ಅಂಗಡಿಗೆ ಹೋದ. ಗಾಳಿಗೆ ಮಳೆಗೆ ತಡೆಯಲಿ ಎಂದು ಗಟ್ಟಿ ಹಗ್ಗವನ್ನೇ ಆರಿಸಿ, ಚೀಲಕ್ಕೆ ಹಾಕಿ ಬಸ್ಸು ಹತ್ತಿದ.

ಬಸ್ಸಿಳಿಯುತ್ತಿದ್ದಂತೆ ಇಗರ್ಜಿಯ ಗಂಟೆ ಕೇಳಿಸಿತು. ಮೂರು ಮೂರಾಗಿ ಬಡಿಯುತ್ತಿತ್ತು. ಹೆಂಗಸಾದರೆ ಎರಡೆರಡು, ಗಂಡಸಾದರೆ ಮೂರು ಮೂರು. ಯಾರಪ್ಪಾ ಹೋದವನು ಎಂದು ಪ್ರೊಸ್ಪೇರ್ ಊರಿನ ಮುದುಕರನ್ನೆಲ್ಲ ಮನಸ್ಸಿನಲ್ಲೇ ಎಣಿಸಿದ. ಅವರಲ್ಲಿ ಎಲ್ಲರಿಗಿಂತ ಹಿರಿಯ ಯೂಸೇಬ್ ತಾತ ಎದುರಿನ ಕಲ್ಲುಬೆಂಚಿನ ಮೇಲೇ ಕೂತಿದ್ದ. ತಾತನ ಎರಡು ಕಣ್ಣಿಗೂ ಪೊರೆ ಬಂದಿತ್ತು.

"ಯಾರದು ಅಲ್ಲಿ ಹೋಗೋದು? ಟೋಪಿ ತೆಗಿಯೋ" ಎಂದ ತಾತ. "ಗಂಟೆ ಕೇಳ್ಸೋದಿಲ್ವಾ? ಲಕಾಜ್ ಮನೇಲಿ ಸಾವಾಗಿದೆ."

ಪ್ರೊಸ್ಪೇರ್ ಬಾಯಿ ತೆರೆಯಲು ನೋಡಿದ. ಇಂಜೆಕ್ಷನ್‌ಗೆ ನಾಲಿಗೆ ಮರಗಟ್ಟಿತ್ತು. "ಹ್ಞಾ... ಹ್ಞಾ?" ಎಂದಷ್ಟೇ ಬಂತು.

"ಯಾರು ಅಂತ ಕೇಳ್ಬೇಡ. ಮಣ್ಣಾಗೋವರೆಗೂ ಸತ್ತವನ ಹೆಸರು ನನ್ನ ಬಾಯಲ್ಲಿ ಬರೋದಿಲ್ಲ. ಕೊಟ್ಟಿಗೇಲಿ ಮಲಗ್ಸಿದ್ದಾರಂತೆ. ರಾತ್ರಿ ಹೊಂಡಕ್ಕೆ ಬಿದ್ದ ಅಂತೆ, ಪಾಪ."

ಪ್ರೊಸ್ಪೇರ್ ಚೀಲವನ್ನು ಎದೆಗವಚಿಕೊಂಡ. ಹೊಂಡಕ್ಕೆ ಬಿದ್ದವನು ಬರ್ನಬೇ. ಕೊಟ್ಟಿಗೆಯಲ್ಲಿ ಮಲಗಿದವನೂ ಬರ್ನಬೇ. ಮೊದಲ ಅತಿಥಿ, ಮೊದಲ ರಾತ್ರಿ, ಹೊಸ ಮಂಚ, ಅದರ ಮೇಲೆ ಹೆಣ! ಮುಗಿಯಿತು. ಇನ್ನು ಯಾರು ಬರುತ್ತಾರೆ ಆ ಹಾಸಿಗೆಗೆ? ವೃದ್ಧಾಶ್ರಮದ ಹಸಿರು ಗೋಡೆ ಅವನ ಕಣ್ಣಿಗೆ ಕಟ್ಟಿತು.

ಹಾದಿ ಬಿಟ್ಟು ದ್ರಾಕ್ಷಿತೋಟದೊಳಗೆ ನುಸುಳಿ, ಕೋಳಿಗೂಡಿನ ಹಿಂದೆ ಬಂದು, ಚೀಲ ಕೆಳಗಿಟ್ಟು ಇಣುಕಿದ. ಅಂಗಳದ ತುಂಬ ಜನ, ಎಲ್ಲರೂ ಕರಿ ಬಟ್ಟೆಯವರು. ಒಬ್ಬರ ಕೈಯಲ್ಲಿ ಈರುಳ್ಳಿ ಕಡುಬು, ಒಬ್ಬರ ಕೈಯಲ್ಲಿ ಅಕ್ರೋಟಿನ ಕೇಕು, ಬಜೀಲನ ಕೈಯಲ್ಲಿ ವೈನು. ಹತ್ತೂರಿಗೆ ಒಬ್ಬನೇ ಪಾದ್ರಿ, ಅವನು ಬರುವುದಕ್ಕೆ ಕಾಯುತ್ತಿದ್ದರು. ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ನಿಂತ ಅರ್ಮೆಲ್ ಓನೊರೀನಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಅವಳು ಅತ್ತದ್ದು ಬೇರೆ ಕಾರಣಕ್ಕೆ. ಗಂಡ ಜೀವಮಾನವಿಡೀ ಬೇರೆಯವರಿಗೆ ತಟ್ಟೆ ಹೊತ್ತಿದ್ದ. ಇವರಿಬ್ಬರಿಗಾಗಿ ತಟ್ಟೆ ಹೊತ್ತುಕೊಂಡು ಒಂದು ಊರೇ ಬಂದದ್ದು ಇದೇ ಮೊದಲು.

"ನಮಗೋಸ್ಕರ ಇಷ್ಟೆಲ್ಲಾ..." ಎಂದು ಬಿಕ್ಕಿದಳು.

"ಇದೇನು ದೊಡ್ಡ ವಿಷ್ಯ ಬಿಡಮ್ಮಾ. ಇವತ್ತು ನಿಮಗೆ, ನಾಳೆ ನಮಗೆ" ಎಂದು ಓನೊರೀನ್ ಅವಳ ಬೆನ್ನು ಸವರಿದಳು.

ಅವಳ ಅಳು ನೋಡಿದ ಮೇಲೆ ಪ್ರೊಸ್ಪೇರನಿಗೆ ಅನುಮಾನವೇ ಉಳಿಯಲಿಲ್ಲ.

"ನಾನು ಆವತ್ತೇ ಹೇಳಿದ್ದೆ ಕಣ್ರೋ" ಎಂದು ಬಜೀಲ್ ಬಿರಡೆ ಕೀಳುತ್ತ ಅಂದ. "ಕೊಟ್ಟಿಗೆ ದನಕ್ಕೆ, ಮನುಷ್ಯನಿಗಲ್ಲ. ಇನ್ನು ಆ ಮಂಚದ ಮೇಲೆ ಇಲೀನೂ ಮಲಗೋದಿಲ್ಲ ನೋಡ್ತಿರಿ. ಆದ್ರೂ ಪಾಪ, ಜುಗ್ಗ ಆದ್ರೂ ಕೆಟ್ಟೋನಲ್ಲ."

ನಿನ್ನೆ ರಾತ್ರಿ ಬಂದವನು ಜುಗ್ಗನೆಂದು ಇವರಿಗೆ ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಪ್ರೊಸ್ಪೇರನಿಗೆ ಆಶ್ಚರ್ಯವಾಯಿತು. ಆದರೆ ಕೊಂಬರೋಲಿನವರಿಗೆ ಇಂಥದೆಲ್ಲ ಬೇಗ ಗೊತ್ತಾಗುತ್ತದೆ. ಅವನು ಅದನ್ನು ಅಲ್ಲಿಗೇ ಬಿಟ್ಟು ಲೆಕ್ಕ ಹಾಕಿದ. ಪಾದ್ರಿ ಬಂದಿಲ್ಲ. ಅರ್ಮೆಲ್ ಯಾರನ್ನೂ ಒಳಗೆ ಬಿಡುತ್ತಿಲ್ಲ. ಹೆಣ ಹಾಸಿಗೆಯ ಮೇಲಿದ್ದರೆ ಕೇಡು. ಅದೇ ಹಿತ್ತಲಿನ ಅಕ್ರೋಟು ಮರದ ಕೆಳಗೆ ಸಿಕ್ಕಿದರೆ? ಉಸಿರು ಕಟ್ಟಿತು, ಎದ್ದು ಗಾಳಿಗೆ ಬಂದ, ಮರಕ್ಕೊರಗಿ ಪ್ರಾಣ ಬಿಟ್ಟ. ಮರದ ಕೆಳಗೆ ಯಾರು ಬೇಕಾದರೂ ಸಾಯಬಹುದು. ಮಂಚಕ್ಕೆ ಮೈಲಿಗೆ ಇಲ್ಲ.

ಕೊಟ್ಟಿಗೆಯ ಹಿಂಗೋಡೆಯಲ್ಲಿ ಹಿಂದೆ ಸಗಣಿ ಎಸೆಯುತ್ತಿದ್ದ ದೊಡ್ಡ ಕಿಂಡಿ ಇತ್ತು. ಅದಕ್ಕೂ ನೀಲಿ ಬಾಗಿಲು ಹಾಕಿಸಿದ್ದ. ಅಲ್ಲಿಂದ ತೂರಿ ಒಳಗಿಳಿದ. ಕತ್ತಲು. ಮಂಚದ ಮೇಲೆ ಗುಡ್ಡದಂತೆ ಬರ್ನಬೇ, ಅಲುಗಾಟವಿಲ್ಲ. ಗೊರಕೆಯಾದರೂ ಹೊಡೆಯಬಾರದಿತ್ತೇ ಆ ಮನುಷ್ಯ! ಆದರೆ ಊಟದ ಮನೆಯಲ್ಲಿ ಸದ್ದಿಲ್ಲದೆ ಓಡಾಡಿ ಅಭ್ಯಾಸವಾದವನು ನಿದ್ದೆಯನ್ನೂ ಸದ್ದಿಲ್ಲದೆ ಮಾಡುತ್ತಿದ್ದ. ಪ್ರೊಸ್ಪೇರ್ ಕೈ ಮುಟ್ಟಿ ನೋಡಿದ. ಬೆಚ್ಚಗಿತ್ತು. ಸೆಕೆಗೆ ಇನ್ನೂ ತಣ್ಣಗಾಗಿಲ್ಲ ಎಂದುಕೊಂಡ.

"ಕ್ಷಮಿಸಪ್ಪಾ" ಎಂದು ಮರಗಟ್ಟಿದ ಬಾಯಲ್ಲೇ ಗೊಣಗಿದ. ನಿಜವಾಗಿಯೂ ಅವನ ಕಣ್ಣು ಒದ್ದೆಯಾಗಿತ್ತು. ಬಡವ ಒಂದು ವಾರ ಕಾಲು ಚಾಚಲೆಂದು ಬಂದಿದ್ದ.

ಕಂಕುಳಿಗೆ ಕೈ ಹಾಕಿ ಎತ್ತಿದ. ಎರಡನೆಯ ಸಲಕ್ಕೆ ಕೂರಿಸಿದ. ಆಮೇಲೆ ಹಾಸಿಗೆಯ ಮೇಲೇ ಹತ್ತಿ ಮಂಡಿಯೂರಿ, ಹೋರಿಗರುವನ್ನು ಹೊರುವಂತೆ ಆ ದೇಹವನ್ನು ಹೆಗಲಿಗೆ ಹಾಕಿಕೊಂಡ. ಎದೆಯಲ್ಲಿ ಏನೋ ಮುರಿದಂತಾಯಿತು, ಕಿವಿ ಗುಂಯ್ ಎಂದಿತು, ಬೆವರು ಸುರಿಯಿತು. ಇನ್ನು ಸ್ವಲ್ಪ, ಕಿಂಡಿಯವರೆಗೆ ಸಾಕು ಎಂದು ಹಲ್ಲು ಕಚ್ಚಲು ಹೋದ. ಆ ಕಡೆ ಕಚ್ಚಲು ಹಲ್ಲಿರಲಿಲ್ಲ.

ಆಗ ಯಾರೋ ತನ್ನನ್ನು ಅಲುಗಿಸಿದ್ದು ಬರ್ನಬೇನ ನಿದ್ದೆಗೆ ತಟ್ಟಿತು. ಅಷ್ಟು ವರ್ಷದ ಅಭ್ಯಾಸ. ಕಣ್ಣು ಮುಚ್ಚಿಕೊಂಡೇ, ಪ್ರೊಸ್ಪೇರನ ಕಿವಿಗೆ ತುಟಿ ತಾಗುವಂತೆ, ಹೆಣ ವಿನಯದಿಂದ ಕೇಳಿತು:

"ಏನು ತರ್ಲಿ ಸಾರ್?"

ಪ್ರೊಸ್ಪೇರ್ ಲಕಾಜ್ ಏನನ್ನೂ ತರಲು ಹೇಳಲಿಲ್ಲ. ಅಪ್ಪನಿಗೂ ಅಜ್ಜನಿಗೂ ಕೈ ಕೊಟ್ಟ ಎದೆ ಅವನಿಗೂ ಅಲ್ಲೇ ಕೈ ಕೊಟ್ಟಿತು. ಟೋಪಿ ಒಂದು ಕಡೆ ಉರುಳಿತು, ಅವನು ಅಂಗಾತ ದಿಂಬಿನ ಮೇಲೆ ಬಿದ್ದ. ಮತ್ತೆ ಏಳಲಿಲ್ಲ.

ಬರ್ನಬೇ ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದ. ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿದ ಮುಖವೊಂದು ಸೂರು ನೋಡುತ್ತ ಮಲಗಿತ್ತು. ರಾತ್ರಿ ಅಂಗಿಯಲ್ಲೇ ಬಾಗಿಲು ತಳ್ಳಿಕೊಂಡು ಹೊರಗೆ ಬಂದು ಕಿರುಚಿದ:

"ಹೆಣ! ನನ್ನ ಹಾಸಿಗೇಲಿ ಹೆಣ ಇದೆ!"

ಅಂಗಳದ ಯಾರೂ ಕದಲಲಿಲ್ಲ. ಓನೊರೀನ್ ಕೇಕಿನ ತಟ್ಟೆ ಕೆಳಗಿಟ್ಟು, ಆನೆಯಂಥ ನೆಂಟನನ್ನು ಕನಿಕರದಿಂದ ನೋಡಿದಳು.

"ಗೊತ್ತಪ್ಪಾ" ಎಂದಳು. "ಅದಕ್ಕೇ ಅಲ್ವಾ ನಾವೆಲ್ಲಾ ಬಂದಿರೋದು?"

ಎಲ್ಲರೂ ಟೋಪಿ ತೆಗೆದು ಒಳಗೆ ಹೋದರು. ಪ್ರೊಸ್ಪೇರ್ ಹೊಸ ಮಂಚದ ಮೇಲೆ ಅಚ್ಚುಕಟ್ಟಾಗಿ ಮಲಗಿದ್ದ. ಸತ್ತವರ ಬಾಯಿ ತೆರೆಯದಂತೆ ದವಡೆ ಕಟ್ಟುವ ಕೆಲಸವೂ ಉಳಿದಿರಲಿಲ್ಲ. "ಪಟ್ಟಣದವ್ರಾದ್ರೂ ಎಲ್ಲಾ ಪದ್ಧತಿ ಗೊತ್ತು ನೋಡಿ. ಎಷ್ಟು ಚೆನ್ನಾಗಿ ಕಟ್ಟಿದ್ದಾರೆ" ಎಂದು ಓನೊರೀನ್ ಮೆಚ್ಚಿಕೊಂಡಳು. ಪಾದ್ರಿ ಬಂದು, ಅರ್ಮೆಲ್ ಮಾತು ಮುಗಿಸಿ, ಡಾಕ್ಟರಿಗೆ ಫೋನು ಹೋಗಿ, ನಡೆದದ್ದೆಲ್ಲ ಒಂದೊಂದಾಗಿ ಹೊರಬೀಳುವ ಹೊತ್ತಿಗೆ ಸಂಜೆಯಾಗಿತ್ತು. ಬಜೀಲನಿಗೆ ಮಾತ್ರ ಅಷ್ಟೇನೂ ಬೇಜಾರಾಗಲಿಲ್ಲ. "ಸದ್ಯ, ಗಂಟೆ ಸುಮ್ನೆ ಬಡಿದ ಹಾಗಾಗ್ಲಿಲ್ಲ" ಎಂದ.

ಅರ್ಮೆಲ್ ಒಣಗಿದ ಪ್ಯಾಂಟು ತೆಗೆಯಲು ಹೋದಾಗ ಓನೊರೀನ್ ಕೈ ಹಿಡಿದಳು. "ಮುಟ್ಬೇಡಮ್ಮಾ. ಮಣ್ಣಾಗೋವರೆಗೂ ಅದು ಜೇನಿಂದು."

ಹಾಗಾಗಿ ಬರ್ನಬೇ ಪ್ರೊಸ್ಪೇರನ ಭಾನುವಾರದ ಪ್ಯಾಂಟನ್ನೇ ಹಾಕಿಕೊಂಡು ಸಮಾಧಿಗೆ ಬಂದ. ಅದು ಅವನ ಮೊಣಕಾಲಿನಿಂದ ಸ್ವಲ್ಪವೇ ಕೆಳಗೆ ಬರುತ್ತಿತ್ತು. ಊರಲ್ಲಿ ಅವನಷ್ಟು ಗಟ್ಟಿ ಆಳು ಬೇರೆ ಇರಲಿಲ್ಲವಾದ್ದರಿಂದ ಶವಪೆಟ್ಟಿಗೆಯ ಮುಂದಿನ ಮೂಲೆಗೆ ಅವನೇ ಹೆಗಲು ಕೊಟ್ಟ. ದಾರಿಯುದ್ದಕ್ಕೂ ಅಳುತ್ತಲೇ ಇದ್ದ.

ಗುಂಡಿಯ ಹತ್ತಿರ ಇನ್ನೊಂದು ತೊಡಕು ಬಂತು. ಪೆಟ್ಟಿಗೆ ಇಳಿಸುವ ಇಗರ್ಜಿಯ ಹಗ್ಗ ಹಳೆಯದಾಗಿ ಸವೆದು ಹೋಗಿತ್ತು. ಬಜೀಲ್ ಅದನ್ನು ಎರಡು ಸಲ ಎಳೆದು ನೋಡಿ ತಲೆಯಾಡಿಸಿದ. ಆಗ ಓನೊರೀನ್‌ಗೆ ಕೋಳಿಗೂಡಿನ ಹಿಂದೆ ಸಿಕ್ಕ ಚೀಲದ ನೆನಪಾಯಿತು. ಓಡಿಹೋಗಿ ತಂದಳು. ಒಳಗೆ ಹೊಚ್ಚ ಹೊಸ ಹಗ್ಗ, ಅಂಗಡಿಯ ಸುತ್ತು ಕೂಡ ಬಿಚ್ಚಿರಲಿಲ್ಲ. ಬಜೀಲ್ ಅದನ್ನು ಎರಡು ತುಂಡು ಮಾಡಿದ. ಅಳತೆಗೆ ಸರಿಯಾಗಿತ್ತು.